ಗಾಜಿನ ಗುಳಿ

ಕಣ್ಣಾಸ್ಪತ್ರೆಯಲ್ಲಿ ಡ್ರಾಪ್ಸ್ ಹಾಕಿಸಿಕೊಂಡು, ಬಟ್ಟೆ ಹೊಲಿಯುವ ಅಜ್ಜಿಯೊಬ್ಬಳು ಕಣ್ಣು ಮುಚ್ಚಿ ಕೂತಿದ್ದಳು. ಕದ್ದು ಕೇಳುವ ಜಾಯಮಾನ ಅವಳದಲ್ಲ. ಆದರೆ ಹಿಂದಿನ ಬೆಂಚಿನಲ್ಲಿ ಗಂಡ ಹೆಂಡತಿ ಪಿಸುಗುಡುತ್ತಿದ್ದರು. ಮುಚ್ಚಿಕೊಳ್ಳಲು ಕಿವಿಗೇನು ರೆಪ್ಪೆ ಇದೆಯೇ?

“ರೀ, ಅಣ್ಣ ಹೊರಗೆ ಬರೋದ್ರೊಳಗೆ ನಿಜ ಹೇಳಿ. ಅಣ್ಣನ ಕಾರಿನ ಮುಂದಿನ ಗಾಜಿಗೆ ಏನು ಮಾಡಿದ್ರಿ?”

“ವೈಪರ್ ಗೀಚಿತ್ತಲ್ಲ, ಆ ಗೆರೆ ತೆಗೆಯೋಣ ಅಂತ ಗರಗರ ತಿರುಗೋ ಪಾಲಿಶ್ ಮಷೀನು ಹಿಡಿದೆ ಕಣೇ.”

“ಗೆರೆ ಹೋಯ್ತಲ್ಲ?”

“ಹೋಯ್ತು. ಒಂದೇ ಕಡೆ ಒತ್ತಿ ಉಜ್ಜಿದ್ದಕ್ಕೆ ಸ್ಟೇರಿಂಗ್ ಎದುರಿಗೇ ಗುಳಿ ಬಿತ್ತು. ಅದರ ಮೂಲಕ ನೋಡಿದ್ರೆ ರಸ್ತೆ ಹಾವಿನ ಥರ ಹೊರಳುತ್ತೆ.”

“ಅಯ್ಯೋ! ರಸ್ತೆ ಸೊಟ್ಟ ಕಾಣುತ್ತೆ ಅಂತ ಅಣ್ಣ ಅಂದಾಗ, ಕಣ್ಣು ತೋರಿಸ್ಕೊಳ್ಳಿ ಭಾವ ಅಂದವ್ರು ನೀವೇ ಅಲ್ವಾ?”

“ತಪ್ಪಿಸ್ಕೊಳ್ಳೋಕೆ ಅಂದ್ಬಿಟ್ಟೆ.”

“ಈಗಲಾದ್ರೂ ಹೇಳಿಬಿಡಿ.”

“ಅವರ ಮನೇಲಿ ಇದ್ಕೊಂಡು, ಅವರ ಅಂಗಡೀಲಿ ದುಡ್ಕೊಂಡು, ಯಾವ ಬಾಯಲ್ಲಿ ಹೇಳ್ಲಿ?”

ಡಾಕ್ಟರ ಕೋಣೆಯ ಬಾಗಿಲು ಕಿರುಗುಟ್ಟಿತು. ಭಾರದ ಹೆಜ್ಜೆಯೊಂದು ಬೆಂಚಿನ ಬಳಿ ಬಂದು ನಿಂತಿತು.

“ಕಣ್ಣು ಚೆನ್ನಾಗೇ ಇದೆಯಂತಪ್ಪ. ಹಾಗಾದ್ರೆ ನನ್ನ ತಲೇಲೇ ಏನೋ ಕೆಟ್ಟಿದೆ,” ಎಂದಿತು ಹೆದರಿದ ದನಿ. “ನಾನಿನ್ನು ಸ್ಟೇರಿಂಗ್ ಮುಟ್ಟಲ್ಲ. ತಗೋ ಕೀ, ಇನ್ಮೇಲೆ ದಿನಾ ನೀನೇ ಓಡಿಸು. ನಿನ್ನ ಕಣ್ಣಿಗೆ ರಸ್ತೆ ನೆಟ್ಟಗೆ ಕಾಣುತ್ತಲ್ಲ?”

ಕೀಗೊಂಚಲು ಕಿಣಿಕಿಣಿ ಎಂದಿತು. ಯಾರೂ ಹಿಡಿಯದೆ ಮತ್ತೆ ಕಿಣಿಗುಟ್ಟಿತು.

“ಕಾಣುತ್ತೆ ಭಾವ.”

ಮೂರು ಜೋಡಿ ಚಪ್ಪಲಿಗಳ ಸದ್ದು ಹೊರಬಾಗಿಲ ಕಡೆ ಹೋಯಿತು. ಕೀಗೊಂಚಲಿನ ಕಿಣಿಕಿಣಿಯ ಜೊತೆಗಿದ್ದ ಜೋಡಿ ಮಾತ್ರ ಹಿಂದೆ ಉಳಿದು, ನೆಲಕ್ಕೆ ಅಂಟಿದಂತೆ ಎಳೆಯುತ್ತಾ ಹೋಯಿತು.