ಲಿಫ್ಟಿನಾಗ ಸಿಕ್ಕ ಅಳಿಯ

...ಹಂಗೆಲ್ಲಾ ಬೆವರಬ್ಯಾಡ್ರಿ ವಿಜಯಕುಮಾರ! ನಿಮ್ಮನ್ನ ಬಿಡಸಾಕ ಯಾರು ಬಂದು ನಿಂತಾರ ಅನ್ಕೊಂಡೀರಿ? ಚಂದ್ರನ ಹಾದ್ಯಾಗ ಕೆಟ್ಟು ನಿಂತ ನೌಕೆಯಿಂದ ಮೂರು ಮಂದೀನ್ನ ಜೀವಂತ ಭೂಮಿಗಿ ಇಳಿಸಿದಾಂವ ನಾನ ರೀ, ಈ ಸೋಮಣ್ಣ!... ಆಯ್ತು, ಆಯ್ತು, ಹಂಗ ನೋಡಬ್ಯಾಡ್ರಿ. ಸುಳ್ಳು. ಅದು ಎಪ್ಪತ್ತನೇ ಇಸವಿ ಮಾತು, ಆವಾಗ ನಮ್ಮಪ್ಪಗ ಇನ್ನೂ ಮದುವೀನ ಆಗಿದ್ದಿಲ್ಲ. ಆದ್ರ ಕತಿ ಮಾತ್ರ ಖರೇ.

ಯಾಕ ನಗಾಕತ್ತೀರಿ? ನಗ್ರಿ, ನಗ್ರಿ. ಹೆಣ್ಣು ನೋಡಾಕ ಬಂದ ವರ ಎರಡನೇ ಮಹಡಿಗೂ ಮೂರನೇ ಮಹಡಿಗೂ ನಡುವ ಲಿಫ್ಟಿನಾಗ ಸಿಕ್ಕೊಂಡು ನಗತಾನ ಅಂದ್ರ, ಸಂಸಾರಕ್ಕ ಲಾಯಕ್ಕಾದ ಗಂಡಸು. ಈ ಕಬ್ಬಿಣದ ಜಾಳಗಿ ಹಿಂದ ಭಾಳ ಚಂದ ಕಾಣಸ್ತೀರಿ. ಒಂದು ಫೋಟೋ ತಗೀಲೇನು? ಬ್ಯಾಡ? ಬಿಡ್ರಿ.

ನಿಮ್ಮ ಅಪ್ಪ ಅವ್ವನಾ? ಮ್ಯಾಲ ಆರಾಮ ಅದಾರ. ಮೊದಲನೇ ಖೇಪಿಗಿ ಅವರು ಹೋದ್ರು, ಏನೂ ಆಗಲಿಲ್ಲ. ಎರಡನೇ ಖೇಪಿಗಿ ನೀವು ಹತ್ತಿದ್ರಿ, ಟಕ್ಕಂತ ನಿಂತಿತು. ನಿಮ್ಮ ಕೋಟು ಭಾರ ಆತೋ ಏನೋ... ಏನಂದ್ರಿ? ಕರೆಂಟ್ ಹೋಗಿದ್ರ ಮೆಟ್ಟಿಲಿನ ಬಲ್ಬ್ ಹ್ಯಾಂಗ ಉರೀತೈತಿ ಅಂತೀರಾ? ಅದು ಬ್ಯಾರೆ ಲೈನ್ ರೀ! ಎಲ್ಲಾದಕ್ಕೂ ಲಾಜಿಕ್ ಕೇಳಾಕ ಇದೇನು ನಿಮ್ಮ ಮಾದಾಪುರದ ಕಂಪ್ಯೂಟರ್ ಆಫೀಸಾ? ಇದು ಕೋಠಿಯ ಹಳೇ ಬಿಲ್ಡಿಂಗು. ಮೆಕ್ಯಾನಿಕ್‌ಗ ಫೋನ್ ಹಚ್ಚೀನಿ, ಟ್ರಾಫಿಕ್ಕಿನಾಗ ಅದಾನಂತ. ಬರ್ತಾನ.

ಹೌದ್ರಿ, ಗೊತ್ತೈತಿ, ಒಂಬತ್ತಕ್ಕ ರಾಹುಕಾಲ. ನನಗ್ಯಾಕ ಹೇಳ್ತೀರಿ? ಹುಡುಗಿ ಅಪ್ಪ ಶಿವಶರಣಪ್ಪ, ಅಂದ್ರ ನಮ್ಮ ಭಾವ, ಹದಿನೈದು ದಿನದಿಂದ ಅದನ್ನ ಜಪ ಮಾಡಾಕತ್ತಾನ. ಒಂಬತ್ತರೊಳಗ ನೀವು ಹೊಸ್ತಿಲ ದಾಟಿದ್ರ ಇವತ್ತ ಹುಡುಗಿ ನೋಡೋದು, ಇವತ್ತ ಮಾತು, ಇವತ್ತ ಸಕ್ರಿ ಹಂಚೋದು. ದಾಟಲಿಲ್ಲಾ... ಇವತ್ತಿನ ಕಾರ್ಯ ಬರಖಾಸ್ತ. ನಿಮ್ಮಪ್ಪನೂ ಅದ ಜಾತಿ ಮನಷಾ ಅಲ್ಲೇನು? ರಾಹುಕಾಲದಾಗ ರೈಲಿನಿಂದ ಇಳಿಯೂದಿಲ್ಲ ಅಂತ ಮುಂದಿನ ಸ್ಟೇಷನ್ನಿಗಿ ಹೋಗಿದ್ರಂತಲ್ಲಾ! ಒಳ್ಳೆ ಬೀಗರು ಕೂಡ್ಯಾರ.

ಇನ್ನೂ ಟೈಮ್ ಐತಿ, ಕತಿ ಕೇಳ್ರಿ. ಆ ನೌಕೆಯ ಆಮ್ಲಜನಕದ ಟ್ಯಾಂಕು ಢಂ! ಮೂರೂ ಮಂದಿ, ಚಂದ್ರನ ಮ್ಯಾಲ ಇಳಿಯಾಕ ಇದ್ದ ಸಣ್ಣ ನೌಕೆಯೊಳಗ ಹೋಗಿ ಕುಂತ್ರು. ಅದು ಇಬ್ಬರಿಗಿ ಮಾಡಿದ್ದು. ಇವರು ಬಿಟ್ಟ ಉಸಿರೇ ಇವರಿಗಿ ವಿಷ ಆಗಾಕತ್ತಿತು. ಗಾಳಿ ಶುದ್ಧ ಮಾಡೋ ಡಬ್ಬಿ ದೊಡ್ಡ ನೌಕೆಯಾಗ ಬೇಕಾದಷ್ಟು ಇದ್ದುವು. ಆದ್ರ ಅವು ಚೌಕ, ಇಲ್ಲಿ ತೂತು ದುಂಡ! ಮನುಷ್ಯಾ ಚಂದ್ರನತಂಕ ಹೋದ, ಡಬ್ಬಿ ತೂತಿನತಂಕ ಹೋಗಲಿಲ್ಲ. ಆಮ್ಯಾಲ? ಪ್ಲಾಸ್ಟಿಕ್ ಚೀಲ, ಪುಸ್ತಕದ ರಟ್ಟು, ಪೈಪು, ಅಂಟು ಟೇಪು. ಕೆಳಗಿನವರು ಹೇಳಿದ್ರು, ಮ್ಯಾಲಿನವರು ಅಂಟಿಸಿದ್ರು, ಉಸಿರಾಡಿದ್ರು. ಇಲ್ಲೇ ಸುಲ್ತಾನ್ ಬಜಾರಿನಾಗ ಆ ಟೇಪು ನಾನ ಕೊಂಡು... ಅದೂ ಸುಳ್ಳು. ಟೇಪು ಅವರದ.

ಇದೆಲ್ಲಾ ಯಾರು ಹೇಳಿದ್ರು ಅಂತೀರಾ? ಅನುರಾಧಾ ದಿನಾ ತಲಿ ತಿಂತಾಳ... ಅಂದ್ರ, ಪೇಪರ್ದಾಗ ಓದೀನಿ ರೀ! ಹುಡುಗಿಗ್ಯಾಕ ಇದೆಲ್ಲಾ? ಅಕಿ ಮ್ಯಾಲ ಶಿರಾ ಮಾಡಾಕತ್ತಾಳ. ವಾಸನಿ ಬರವಲ್ದಾ? ನಿಮ್ಮ ಮೂಗಿಗೇನಾಗೇತಿ?

ಇನ್ನೊಂದು ಕೇಳ್ರಿ, ರಷ್ಯಾದವರದು. ಎಂಬತ್ತೈದರಾಗ ಅವರದೊಂದು ನಿಲ್ದಾಣ ಆಕಾಶದಾಗ ಸತ್ತು ತೇಲಾಕತ್ತಿತ್ತು. ಕರೆಂಟಿಲ್ಲ, ಸಿಗ್ನಲ್ಲಿಲ್ಲ, ಕರೆದ್ರ ಓ ಅನ್ನೂದಿಲ್ಲ. ಇಬ್ಬರು ಹೋದ್ರು. ನೌಕೆ ಕೈಯಿಂದ ನಡಸಿ, ಅದರ ಬಾಯಿಗಿ ಬಾಯಿ ಕೂಡಿಸಿದ್ರು. ಒಳಗ ಕತ್ತಲಿ, ಗ್ವಾಡಿಗೆಲ್ಲಾ ಹಿಮ. ಉಣ್ಣಿ ಟೊಪ್ಪಿಗಿ ಹಾಕ್ಕೊಂಡು ಕೆಲಸ. ಎಷ್ಟು ಥಂಡಿ ಐತಿ ನೋಡೂಣಂತ ಉಗುಳಿದ್ರಂತ, ಉಗುಳು ಹೆಪ್ಪುಗಟ್ಟಿತಂತ! ನಮ್ಮ ಬಿಲ್ಡಿಂಗಿನ ಮೆಟ್ಟಿಲ ಮ್ಯಾಲ ಮಂದಿ ದಿನಾ ಆ ಪರೀಕ್ಷಾ ಮಾಡ್ತಾರ, ಒಬ್ಬರಿಗೂ ಪದಕ ಕೊಟ್ಟಿಲ್ಲ... ಆಮ್ಯಾಲ ಬ್ಯಾಟರಿಗಿ ಸೀದಾ ಬಿಸಿಲಿನ ಫಲಕದಿಂದ ವೈರ್ ಎಳದು ಜೀವ ತುಂಬಿದ್ರು. ಸತ್ತದ್ದು ಎದ್ದು ಕುಂತಿತು.

ಭಾವಾ, ಬರ್ತೀವ್ರಿ! ಮೆಕ್ಯಾನಿಕ್ ಕೆಳಗ ಬಂದಾನಂತ! ನೀವು ಒಳಗ ಕೂಡ್ರಿ, ಬೀಗರನ್ನ ಮಾತಾಡಸ್ರಿ!... ನೋಡ್ರಿ, ನಮ್ಮ ಭಾವ ಇಣುಕಿ ಹೋದ. ಮುಖ ಥೇಟ್ ಆ ನಿಲ್ದಾಣದಂಗ, ಹಿಮ.

ಹೊರಗಿಂದ ಕೈ ಹಾಕಿ ಬಾಗಿಲಾ ತಗೀರಿ ಅಂತೀರಾ? ಬ್ಯಾಡ್ರಿ ಬ್ಯಾಡ್ರಿ, ಅಪಾಯ. ಮೂರನೇದು ಕೇಳ್ರಿ, ಇದು ನನ್ನ ಬಟ್ಟಿ ದಂಧೇದು. ಅಮೆರಿಕಾದವರ ನಿಲ್ದಾಣ, ಏರುವಾಗ ಅದರ ಮೈಮ್ಯಾಲಿನ ಹೊದಿಕಿ ಹರಕೊಂಡು ಹೋತು. ಒಳಗ ಕೆಂಡ. ಏನು ಮಾಡಿದ್ರು? ಛತ್ರಿ! ಒಂದು ಸಣ್ಣ ಕಿಂಡಿಯಾಗಿಂದ ಮಡಚಿದ ಛತ್ರಿ ತೂರಿಸಿ ಹೊರಗ ಬಿಚ್ಚಿದ್ರು! ಎಷ್ಟು ಗಜ ಬಟ್ಟಿ ಬೇಕು ಅಂತ ನಮ್ಮ ಅಂಗಡೀಗಿ ಬಂದು ಕೇಳಿದ್ರ... ಕೇಳಲಿಲ್ಲ, ಬಿಡ್ರಿ. ಇನ್ನ ಬಿಸಿಲಿನ ಫಲಕದ ಒಂದು ರೆಕ್ಕಿ ತಗಡಿನ ಪಟ್ಟಿಗಿ ಸಿಕ್ಕೊಂಡು ಬಿಚ್ಚವಲ್ದು. ಇಬ್ಬರು ಹೊರಗ ಹೋದ್ರು. ಉದ್ದನ ಕೋಲಿನ ತುದಿಗಿ ಕತ್ತರಿ ಕಟ್ಟಿ ಪಟ್ಟಿ ಕತ್ತರಿಸಿದ್ರು. ಆದ್ರೂ ಬರವಲ್ದು! ಹಗ್ಗ ಹೆಗಲಿಗಿ ಕೊಟ್ಟು ಜಗ್ಗಿದ್ರು, ಜಗ್ಗಿದ್ರು... ರೆಕ್ಕಿ ಪಟ್ಟಂತ ಬಿಚ್ಚಿತು, ಇಬ್ಬರೂ ಅಂತರದಾಗ ಲಾಗಾ...

ಯಾಕ ಕತ್ತು ಹೊಳ್ಳಸಿದ್ರಿ?

ಎಲ್ಲಿ ನೋಡಾಕತ್ತೀರಿ? ಈ ಕಡೆ ನೋಡ್ರಿ, ಕತಿ ಈ ಕಡೆ ಐತಿ. ಮೆಟ್ಟಿಲದಾಗ ಯಾರೂ ಇಲ್ಲ... ಅಕಿನಾ? ಕೆಲಸದ ಸುಗಲಮ್ಮ. ಕಸಾ ಚೆಲ್ಲಾಕ ಹೊಂಟಾಳ. ರೇಷ್ಮಿ ಸೀರಿ ಉಟ್ಟಾಳ, ಹೌದು. ತಲಿ ತುಂಬ ಮಲ್ಲಿಗಿ ಐತಿ, ಹೌದು. ಚಪ್ಪಲಿ ಸಪ್ಪಳ ಆಗಬಾರದಂತ ಕೈಯಾಗ ಹಿಡಕೊಂಡಾಳ, ಕಂಕಳಾಗ ಫೈಲು... ನಮ್ಮ ಸುಗಲಮ್ಮ ಹಂಗ ಬರೋದು ದಿನಾ!

...ನಗ್ರಲಾ. ಒಂದು ಸಲ ನಗ್ರಿ.

ಫೋಟೋದಾಗ ನೋಡೀರಿ, ಗುರುತು ಹತ್ತಿತು. ಹೌದ್ರಿ, ಅನುರಾಧಾ. ಬೇಗಂಪೇಟೆಯಾಗ ವಿಮಾನ ರಿಪೇರಿ ಕಲಸೋ ಸಾಲಿ ಐತಿ, ಇವತ್ತ ಪ್ರವೇಶ ಪರೀಕ್ಷಾ. ಎರಡು ವರ್ಷ ಓದ್ಯಾಳ. ಭಾವ ಬೇಕಂತ ಇವತ್ತಿನ ದಿನಾನ ನಿಮಗ ಕೊಟ್ಟ. ಈಗ ನೀವು ಒಂದ ಸಲ "ಅಪ್ಪಾ" ಅಂತ ಕೂಗಿದ್ರ ಸಾಕು, ಮ್ಯಾಲಿಂದ ಎಲ್ಲಾರೂ ಇಳೀತಾರ, ಅಕಿನ್ನ ಕೈ ಹಿಡದು ಏರಸ್ತಾರ, ಚಾಪಿ ಮ್ಯಾಲ ಕುಂಡರಸ್ತಾರ. ನಿಮಗೂ ಹಕ್ಕೈತಿ, ನಿಮ್ಮ ಮುಂಜಾನೆ ಹಾಳಾಗೇತಿ, ಕೋಟು ತೊಯ್ದೈತಿ...

ಬಾಯಿ ತಗದ್ರಿ... ತಗದು ಮುಚ್ಚಿದ್ರಿ.

ಹೋಗವಾ ನೀನು, ನಿಂದರಬ್ಯಾಡ! ಗೇಟಿನ ಮುಂದ ಆಟೋ ನಿಂತೈತಿ! ಇವರ ಕಡೆ ಏನು ನೋಡ್ತೀ? ನೋಡೋ ಕಾರ್ಯಕ್ರಮ ಇವತ್ತಿಲ್ಲ!

...ಹೋದ್ಲು. ಆಟೋ ಹೊಂಟ ಸಪ್ಪಳ ಕೇಳಿತಲ್ಲಾ?

ಏನಾದ್ರೂ ಅನ್ರಿ ವಿಜಯಕುಮಾರ. ಬೈರಿ. ಅರ್ಧಾ ತಾಸು ಬಾಯಿ ಒಣಗೋಮಟ ಹರಟಿ ಹೊಡದೀನಿ, ನಾಕು ಬೈಗಳಾ ತಿನ್ನಾಕ ತಯಾರ ಅದೀನಿ. ರಾಹುಕಾಲ ಅಂದ್ರ ಯಾರ ಮಾನಾನೂ ಹೋಗೂದಿಲ್ಲ ರೀ! ನೀವು ಅಕಿನ್ನ ಬ್ಯಾಡ ಅನ್ನಲಿಲ್ಲ, ಅಕಿ ನಿಮ್ಮನ್ನ ಬ್ಯಾಡ ಅನ್ನಲಿಲ್ಲ, ಗ್ರಹ ಬ್ಯಾಡ ಅಂತು. ಹುಡುಗಿ ಎಲ್ಲಿ ಅಂತ ಭಾವ ಕೇಳಿದ್ರ, ರಾಹುಕಾಲದಾಗ ದೇವಿ ಮುಂದ ನಿಂಬಿಹಣ್ಣಿನ ದೀಪ ಹಚ್ಚಾಕ ಹೋಗ್ಯಾಳ, ಲಗೂನ ಮದುವಿ ಆಗಲಿ ಅಂತ ಅಂತೀನಿ. ಭಾವ ಕಣ್ಣೀರು ಹಾಕ್ತಾನ ನೋಡ್ರಿ, ಸಂತೋಷಕ್ಕ!

ಬೆರಳು ಯಾಕ ತೋರಸ್ತೀರಿ? ನನ್ನ ಎದಿ ಕಡೆ? ಏನೈತಿ ನನ್ನ ಜೇಬಿನ್ಯಾಗ... ಅಯ್ಯ!

ಅಂಗಿ ಇಷ್ಟು ತೆಳ್ಳಗ ಐತೇನ್ರಿ? ಬಟ್ಟಿ ವ್ಯಾಪಾರಿ ಆಗಿ ನನಗ ತಿಳೀಲಿಲ್ಲ! ಲಿಫ್ಟಿನ ಫ್ಯೂಸ್ ಬೆಳ್ಳಗ ಎದ್ದು ಕಾಣಸ್ತೈತಿ, ಹೌದು... ತಡೀರಿ. ಯಾವಾಗಿಂದ ಕಂಡಿತ್ತು ನಿಮಗ? ಛತ್ರಿ ಹೊತ್ತಿಗಾ? ಅದಕ್ಕೂ ಮೊದಲಾ?... ತಲಿ ಅಲ್ಲಾಡಸಬ್ಯಾಡ್ರಿ, ಹೇಳ್ರಿ... ಮೊದಲಿಂದಾನ? ಅಂದ್ರ ಎಲ್ಲಾ ಗೊತ್ತಿದ್ದೂ, ನಾ ಉಗುಳಿನ ಕತಿ ಹೇಳೋಮಟಾ ಬಾಯಿ ಬಿಡದ ನಿಂತಿದ್ರಿ?

ಎಲಾ ಇವನ! ಮೂವತ್ತು ವರ್ಷ ಊರಿಗೆಲ್ಲಾ ಟೋಪಿ ಹಾಕಿದ ಸೋಮಣ್ಣಗ, ಒಂದು ಮಾತಿಲ್ಲದ...

ಕೇಳಿದ್ರಾ? ನಮ್ಮ ಭಾವ, "ಇವತ್ತ ಬ್ಯಾಡ, ರಾಹುಕಾಲ ಹತ್ತಿತು" ಅನ್ನಾಕತ್ತಾನ. ನಿಮ್ಮಪ್ಪನೂ "ಸರಿ ಸರಿ" ಅಂದ್ರು. ಇರ್ರಿ, ಫ್ಯೂಸ್ ಹಾಕಿ ಬರ್ತೀನಿ. ಮ್ಯಾಲಿನ ಗುಂಡಿ ಒತ್ತಬ್ಯಾಡ್ರಿ, ಕೆಳಗಿಂದು ಒತ್ರಿ. ಮೂಲಿಮ್ಯಾಲಿನ ಇರಾನಿ ಹೊಟೇಲಿನಾಗ ಒಂದೊಂದು ಚಾ ಕುಡಿಯೂಣ. ಆದ್ರ ರೊಕ್ಕಾ ನೀವ ಕೊಡಬೇಕ್ರಿ ಅಳಿಯಂದ್ರ, ನನ್ನ ಜೇಬಿನ್ಯಾಗ ಮತ್ತೇನೂ ಇಲ್ಲ ಅಂತ ನೀವ ನೋಡೀರಲ್ಲಾ.