ಅದು ಪೆಟ್ಟಾಗಿರಲಿಲ್ಲ

...ಇಲ್ಲ, ಕೂರಲ್ಲ, ನಿಂತೇ ಹೇಳ್ತೀನಿ. ನೀನು ಹೊಲೀತಾ ಇರು. ನಿನ್ನ ತಂಗಿ ಅಂಗಡಿ, ಗಿರಾಕಿಗಳು ಬರೋ ಹೊತ್ತು, ನನಗೂ ಗೊತ್ತು. ಐದೇ ನಿಮಿಷ.

ಅಮ್ಮಂಗೆ ಹುಷಾರಿಲ್ಲ ಕಣೆ. ಆ ಕಲೆ ಇತ್ತಲ್ಲ... ಹಣೆ ಮೇಲೆ, ಕೂದಲು ಶುರುವಾಗೋ ಕಡೆ, ನೇರಳೆ ಬಣ್ಣಕ್ಕೆ... ಅದು ಪೆಟ್ಟಲ್ಲ. ಪೆಟ್ಟಾಗಿರಲೇ ಇಲ್ಲ.

ಯಾಕೆ ನಗ್ತೀಯ? ...ನಗು, ನಗು. ಎಂಟು ತಿಂಗಳ ಹಿಂದೆ ನೀನೂ ಇದನ್ನೇ ಹೇಳಿದ್ದೆ. 'ನಾನು ಕೈ ಮಾಡಿಲ್ಲ ರೀ, ತಲೆ ಬಾಚೋವಾಗ ಕಾಣಿಸ್ತು, ಡಾಕ್ಟ್ರಿಗೆ ತೋರಿಸೋಣ' ಅಂತ. ಎಷ್ಟು ಸಲ ಹೇಳಿದೆ! ಅಕ್ಕ ಬಂದವಳೇ 'ಯಾರಮ್ಮ ಹೊಡೆದಿದ್ದು?' ಅಂದ್ಲು. ಅಮ್ಮ, ಮೊದಲೇ ಮರೆವು, ಸುಮ್ಮನೆ ನಿನ್ನ ಮುಖ ನೋಡಿದ್ಲು. ಅಷ್ಟೇ. ಅಷ್ಟಕ್ಕೇ ನಾನು... ಹೂಂ, ನಾನೇ. ಸೊಸೆ ಅತ್ತೆ ಮೇಲೆ ಕೈ ಮಾಡೋ ಮನೆಯಲ್ಲ ಇದು ಅಂತ ಬಾಗಿಲು ತೋರಿಸಿದೆ.

ನೀನು ಹೋದ ಮೇಲೂ ಬೆಳೀತು ಕಣೆ. ಮನೇಲಿ ಹೊಡೆಯೋಕೆ ಯಾರಿದ್ರು ಹೇಳು? ಉಗುರಿನಷ್ಟಿದ್ದಿದ್ದು ಅಂಗೈ ಅಗಲ ಆಯ್ತು. ಅಂಚೇ ಗೊತ್ತಾಗಲ್ಲ, ಬಟ್ಟೆ ಮೇಲೆ ಬಿದ್ದ ಶಾಯಿ ಹಂಗೆ. ಬಾಚಣಿಗೆ ತಾಗಿದ್ರೆ ರಕ್ತ. ಒಂದು ಬೆಳಿಗ್ಗೆ ರೆಪ್ಪೆ ಊದ್ಕೊಂಡು ಕಣ್ಣೇ ತೆರೆಯೋಕಾಗಲಿಲ್ಲ. ಆವಾಗ... ಆವಾಗ ಆಸ್ಪತ್ರೆಗೆ ಹೋದೆ. ಚೂರು ಚರ್ಮ ತೆಗೆದು ಪರೀಕ್ಷೆಗೆ ಕಳಿಸಿದ್ರು. ಕ್ಯಾನ್ಸರ್. ರಕ್ತನಾಳದ ಒಳಗೋಡೆಯಲ್ಲೇ ಹುಟ್ಟುತ್ತಂತೆ. ತುಂಬಾ ಅಪರೂಪ. 'ವಯಸ್ಸಾದವರ ತಲೇಲಿ ಹೀಗೇ ಶುರುವಾಗುತ್ತೆ, ಎಲ್ಲರೂ ಪೆಟ್ಟು ಅಂದ್ಕೊಂಡು ಸುಮ್ಮನಿದ್ದುಬಿಡ್ತಾರೆ' ಅಂದ್ರು ಡಾಕ್ಟ್ರಮ್ಮ. ನಾನು ನನ್ನ ಚಪ್ಪಲಿ ನೋಡ್ತಾ ಕೂತಿದ್ದೆ.

ಆಪರೇಷನ್ನಾ? ಆಗಲ್ಲ. ಕಣ್ಣಿಗೆ ಕಾಣದ ಕಡೆಗೂ ಹಬ್ಬಿರುತ್ತಂತೆ, ಎಷ್ಟೂಂತ ಕತ್ತರಿಸ್ತಾರೆ? ರೇಡಿಯೇಷನ್ ಕೊಟ್ರು. ಈಗ ವಾರಕ್ಕೊಂದು ಸಲ ಡ್ರಿಪ್‌ನಲ್ಲಿ ಔಷಧಿ. ಕಲೆ ಸ್ವಲ್ಪ ತಿಳಿಯಾಯ್ತು ನೋಡು, ಕುಣಿದುಬಿಟ್ಟೆ ನಾನು! ಆಮೇಲೆ ಸ್ಕ್ಯಾನ್ ಮಾಡಿದ್ರೆ ಶ್ವಾಸಕೋಶದಲ್ಲೂ ಚುಕ್ಕೆ. ವಾಸಿಯಾಗುತ್ತೆ ಅಂತ ಸುಳ್ಳು ಹೇಳಲ್ಲ ಅಂದ್ರು. ಕೆಲವು ತಿಂಗಳು. ನೋವಿಲ್ಲದ ಹಾಗೆ ನೋಡ್ಕೊಳ್ಳಿ ಅಂದ್ರು.

ಅಳಬೇಡ... ಅದಕ್ಕೇ ಬಂದೆ. ಗಾಯದ ಪಟ್ಟಿ ಬದಲಿಸೋಕೆ ಅಮ್ಮ ನನ್ನನ್ನ ಹತ್ತಿರ ಸೇರಿಸಲ್ಲ. 'ನಿಂದು ಒರಟು ಕೈ, ಅವಳನ್ನ ಕರಿ' ಅಂತಾಳೆ. ಬರ್ತೀಯಾ?

ಏನು, ನೆಂಟರಾ? ನಿನ್ನ ಕಿವಿಗೂ ಬಿತ್ತಾ ಆ ಮಾತು... ಸೊಸೆ ಹೊಡೆದ ಪೆಟ್ಟೇ ಕ್ಯಾನ್ಸರ್ ಆಯ್ತು ಅಂತ? ಥೂ! ಅಕ್ಕನ ಬಾಯಿ ಕಣೆ. ಅವಳ ನಾಲಿಗೆಗೆ ಮೂಳೆ ಇಲ್ಲ. ಡಾಕ್ಟ್ರಮ್ಮ ಸ್ಪಷ್ಟವಾಗಿ ಹೇಳಿದ್ದಾರೆ, ಪೆಟ್ಟಿನಿಂದ ಬಂದಿದ್ದಲ್ಲ ಅಂತ. ತಗೋ, ರಿಪೋರ್ಟ್ ತಂದಿದ್ದೀನಿ, ನೀನೇ ಓದು.

...ಮಿಷನ್ ಯಾಕೆ ನಿಲ್ಲಿಸಿದೆ? ಕೆಳಗೆ ಓದು, ಕೆಳಗೆ. ಮೇಲೇನಿದೆ, ಬರೀ ತಾರೀಖು... ಹೂಂ. ರಿಪೋರ್ಟ್ ಬಂದು ಐದು ತಿಂಗಳಾಯ್ತು. ಆಸ್ಪತ್ರೆ, ಓಡಾಟ... ಪುರುಸೊತ್ತೇ... ಹಾಗೆ ನೋಡಬೇಡ ಕಣೆ. ಬೈದುಬಿಡು. ಏನಾದ್ರೂ ಅನ್ನು...

ಅನ್ನೇ...

...ಅಕ್ಕ ಅಲ್ಲ. ರಿಪೋರ್ಟ್ ಬಂದ ದಿನವೇ ಅಕ್ಕ ಅಳ್ತಾ ಹೇಳಿದ್ಲು, 'ಅವಳ ಕಾಲು ಹಿಡ್ಕೋತೀನಿ, ನಡಿ ಕರ್ಕೊಂಡು ಬರೋಣ' ಅಂತ. ನಾನೇ ಅವಳ ಬಾಯಿ ಮುಚ್ಚಿಸಿದೆ. ನೆಂಟರಿಗೆಲ್ಲ ಒಬ್ಬೊಬ್ಬರಿಗೇ ಫೋನ್ ಮಾಡಿ, ಪೆಟ್ಟಿನಿಂದಲೇ ಬಂತು ಅಂತ ಹೇಳಿದ್ದು... ನಾನು. ನಿನ್ನ ತಪ್ಪಿಲ್ಲ ಅಂತಾದ್ರೆ, ಡಾಕ್ಟ್ರಿಗೆ ತೋರಿಸದೆ ಅಷ್ಟು ದಿನ ತಡ ಮಾಡಿದವನು ನಾನೊಬ್ಬನೇ ಆಗ್ತೀನಲ್ಲ...

ಅದಕ್ಕೆ.