ಅಷ್ಟು ವೇಗ ಹೋಗಲಿಲ್ಲ

ಕೊಯಮತ್ತೂರಿನ ಕೋರ್ಟಿನ ಜಗಲಿಯಲ್ಲಿ ನನ್ನ ಪಕ್ಕ ಕೂತ ಅಕ್ಕ ತಮ್ಮ, ಯಾರಿಗೂ ತಿಳಿಯದೆಂದು ಕನ್ನಡದಲ್ಲೇ ಮಾತಾಡುತ್ತಿದ್ದರು. ತಮ್ಮನ ಕೈಯಲ್ಲಿ ಅತಿವೇಗದ ದಂಡದ ಚೀಟಿ ಇತ್ತು.

“ಕ್ಯಾಮೆರಾ ತಪ್ಪು, ನಾ ಅಷ್ಟು ವೇಗ ಹೋಗ್ಲಿಲ್ಲ ಅಂತ ಹೇಳು ತಂಬಿ. ಕೇಸು ಬಿಟ್ಟುಬಿಡ್ತಾರೆ ಅಂದ್ರು ವಕೀಲ್ರು.”

“ಅವತ್ತು ನೀನೂ ಅದೇ ಅಂದೆ ಅಕ್ಕಾ.”

“ಯಾವತ್ತು?”

“ಅಮ್ಮನ್ನ ಕಾರಲ್ಲಿ ಆಸ್ಪತ್ರೆಗೆ ಕರ್ಕೊಂಡು ಹೋದ ದಿನ. ಮೆಲ್ಲ ಓಡ್ಸಿ ದಾರೀಲೇ ಸಾಯ್ಸಿಬಿಟ್ಟೆ ಅಂದೆ, ಎಲ್ರ ಮುಂದೆ.”

ಅವನು ಚೀಟಿಯನ್ನು ಅವಳ ಮುಂದೆ ಹಿಡಿದ.

“ಅವತ್ತು ನಾ ವೇಗವಾಗಿ ಹೋದೆ ಅಂತ ಹೇಳೋದು ಈ ಚೀಟಿ ಒಂದೇ.”

ಅಕ್ಕ ಚೀಟಿಯ ಅಂಕಿಯ ಮೇಲೆ ಬೆರಳಿಟ್ಟಳು. “ನೂರಾ ಹತ್ತಾ?”

“ನೂರಾ ಹತ್ತು.”

ಒಳಗಿಂದ ಭೂಪತಿ ಎಂದು ಕೂಗಿದರು. ಅವಳು ಚೀಟಿಯನ್ನು ಮಡಿಸಿ ತಮ್ಮನ ಜೇಬಿಗಿಟ್ಟಳು.

“ಹೋದೆ ಅಂತಲೇ ಹೇಳು, ನಡಿ,” ಎಂದು ಜೊತೆಗೆ ಎದ್ದಳು.